ನಡುವಿಗೆ ಮುಟ್ಟುವ ಬೆರಳು

ಗೋಪಿನಾಥ ಮೇಷ್ಟರ ಹೆಂಡತಿ ವತ್ಸಲಮ್ಮ ಕಪ್ಪು ಸೀರೆಯ ಮೇಲೆ ಹೊಲಿದ ಕಸೂತಿಯ ಆನೆ, ಹೋದ ಜೂನ್ ತಿಂಗಳ ಒಂದು ಮಧ್ಯಾಹ್ನ ಸೀರೆಯಿಂದ ಇಳಿದು ಬಂತು. ಬೆನ್ನ ಮೇಲಿನ ಅಂಬಾರಿಯ ಸಮೇತ ಅಡುಗೆಮನೆಯ ಬಾಗಿಲು ದಾಟಿ ಹಿತ್ತಲಿಗೆ ಹೋಗಿ, ಅಲ್ಲಿದ್ದ ಬಾಳೆಗೊನೆಯನ್ನು ಪೂರ್ತಿ ತಿಂದು, ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟರಲ್ಲಿ ಮತ್ತೆ ಬಂದು ಬಟ್ಟೆಯೊಳಗೆ ಸೇರಿಕೊಂಡಿತು. ಸುಳ್ಳು ಎನ್ನುವವರು ನೈರೋಬಿಯ ಪಾರ್ಕ್‌ಲ್ಯಾಂಡ್ಸಿನ ಅವರ ಮನೆಗೇ ಹೋಗಿ ನೋಡಬಹುದು. ಗೊನೆ ಕಿತ್ತ ಗುರುತು ಬಾಳೆಗಿಡದ ಮೇಲೆ ಇವತ್ತಿಗೂ ಇದೆ. ಆನೆಯ ಹೊಟ್ಟೆಯೂ ಅವತ್ತಿನಿಂದ ಒಂದು ಎಳೆ ದಪ್ಪವಾಗಿದೆ.

ಮೇಷ್ಟರು ಇದನ್ನು ಮೊದಲು ಹೇಳಿದ್ದು ಕನ್ನಡ ಸಂಘದ ಗಣೇಶನ ಹಬ್ಬದ ಊಟದಲ್ಲಿ, ಪಾಯಸ ಬಡಿಸುವ ಹೊತ್ತಿಗೆ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಬ್ಯಾಂಕಿನ ಹುಡುಗರು ಪಾಯಸ ಮರೆತು ಕೇಳಿದರು. ಹಳಬರು ಮಾತ್ರ ಎಲೆಯಿಂದ ತಲೆ ಎತ್ತಲಿಲ್ಲ. ನೈರೋಬಿಯಲ್ಲಿ ಒಂದು ಆಯುಷ್ಯಪೂರ್ತಿ ಗಣಿತ ಕಲಿಸಿದ ಗೋಪಿನಾಥ ಮೇಷ್ಟರ ಬಾಯಲ್ಲಿ ಚಿಕ್ಕದು ಎಂಬುದು ಹುಟ್ಟಿಯೇ ಇಲ್ಲ ಎನ್ನುವುದು ಅವರಿಗೆ ಗೊತ್ತು. ಮೇಷ್ಟರ ಹಳೆಯ ಕಾರು ಮೊಂಬಾಸಾ ರಸ್ತೆಯಲ್ಲಿ ಚಿರತೆಯನ್ನು ಹಿಂದೆ ಹಾಕಿದೆ. ಅವರ ಹಿತ್ತಲಿನ ಒಂದು ಬೆಣ್ಣೆಹಣ್ಣನ್ನು ಇಬ್ಬರು ಆಳುಗಳು ಹೊತ್ತು ಒಳಗೆ ತಂದಿದ್ದಾರೆ. ಅವರ ಕ್ಲಾಸಿನಲ್ಲಿ ಫೇಲಾದವರೇ ಇವತ್ತು ಊರಿನ ಬ್ಯಾಂಕುಗಳನ್ನೆಲ್ಲ ನಡೆಸುತ್ತಿದ್ದಾರೆ. ಪಾಸಾದವರು ಎಲ್ಲಿದ್ದಾರೆಂದು ಹೇಳಿದರೆ ಯಾರೂ ನಂಬುವುದಿಲ್ಲ ಎಂದು ಮೇಷ್ಟರು ಹೇಳುವುದನ್ನೇ ಬಿಟ್ಟಿದ್ದಾರೆ.

ಧಾರವಾಡದ ಹೆಣ್ಣುಮಗಳು ವತ್ಸಲಮ್ಮ ಈ ರೋಗಕ್ಕೆ ಮದ್ದು ಕಂಡುಕೊಂಡಿದ್ದರು. ಮನೆಗೆ ಬಂದವರಿಗೆ ಕಾಫಿ ಕೊಡುತ್ತಲೇ, "ಅವರು ಹೇಳಿದ್ದನ್ನ ಹತ್ತರಿಂದ ಭಾಗಸ್ರಿ. ಉಳದದ್ದನ್ನ ಬೇಕಾದ್ರ ನಂಬ್ರಿ," ಅನ್ನುತ್ತಿದ್ದರು. ಮೈಸೂರಿನ ಮೇಷ್ಟರು ಒಳಗಿನಿಂದಲೇ, "ಶೇಷ ಉಳಿಯುತ್ತೆ ಕಣೇ, ಅದನ್ನೂ ಹೇಳು," ಎಂದು ಕೂಗುತ್ತಿದ್ದರು. ಮದುವೆ ನಡೆದುಕೊಂಡು ಬಂದದ್ದೇ ಈ ಲೆಕ್ಕದ ಮೇಲೆ.

ಒಂದು ವಿಷಯದಲ್ಲಿ ಮಾತ್ರ ಮೇಷ್ಟರು ಎಂದೂ ಉಬ್ಬಿಸಿ ಮಾತಾಡಿರಲಿಲ್ಲ. ಹೆಂಡತಿಯ ಹೊಲಿಗೆಯ ವಿಷಯ. ಮದುವೆಯಾದ ಹೊಸದರಿಂದಲೂ ವತ್ಸಲಮ್ಮ ಬೆಳಗಿನ ಬೆಳಕಿಗೆ ಕೂತು ಕಸೂತಿ ಹಾಕುವವರೇ. ಮುಗಿದದ್ದನ್ನು ತಂದು ತೋರಿಸಿದರೆ ಮೇಷ್ಟರು ಪೇಪರಿನಿಂದ ಕಣ್ಣೆತ್ತದೆ, "ಚೆನ್ನಾಗಿದೆ," ಅನ್ನುತ್ತಿದ್ದರು. ಅಷ್ಟೇ. ಆದರೆ ಈ ಆನೆ ಬಂದಮೇಲೆ ಅವರ ಬಾಯಿಗೆ ತಡೆಯೇ ಇಲ್ಲ. ಸಂಘದಲ್ಲಿ, ದೇವಸ್ಥಾನದಲ್ಲಿ, ಹಲ್ಲಿನ ಡಾಕ್ಟರ ಕುರ್ಚಿಯ ಮೇಲೆ ಬಾಯಿ ತೆರೆದುಕೊಂಡೂ ಅದೇ ಮಾತು. ಹತ್ತಿರದಲ್ಲೇ ಕೂತ ವತ್ಸಲಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ಕೇಳುತ್ತಿದ್ದರು. ಹತ್ತರಿಂದ ಭಾಗಿಸಿ ಎಂದು ಒಮ್ಮೆಯೂ ಅನ್ನಲಿಲ್ಲ.

ಆ ಸೀರೆ ಮಗಳು ನಿಹಾರಿಕಾಳದು. ಡಿಸೆಂಬರಿನಲ್ಲಿ ತುಷಾರನ ಜೊತೆ ಅವಳ ಮದುವೆ. ಮದುವೆಯಾಗುವ ಹುಡುಗಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವುದು ವತ್ಸಲಮ್ಮನ ತವರಿನ ಪದ್ಧತಿ. ಅವರ ಅಮ್ಮ ಅವರಿಗೆ ಹೊಲಿದು ಕೊಟ್ಟಿದ್ದರು, ಅಜ್ಜಿ ಅಮ್ಮನಿಗೆ. ಧಾರವಾಡದಿಂದ ಸೀರೆ ತರಿಸಿ, ಹೋದ ದೀಪಾವಳಿಯ ಮಾರನೆಯ ದಿನವೇ ಸೂಜಿ ಹಿಡಿದರು. ಸೆರಗಿನ ಮೂಲೆಯಲ್ಲಿ ಮೊದಲು ತುಳಸಿಕಟ್ಟೆ ಎದ್ದಿತು. ಬಟ್ಟೆ ಬಿಗಿದು ಹಿಡಿಯಲು ಅಮ್ಮ ಕೊಟ್ಟಿದ್ದ ಮರದ ರಿಂಗು, ಅದರ ಒಳಬಳೆಗೆ ಸುತ್ತಿದ ಅಪ್ಪನ ಹಳೇ ಧೋತರದ ಪಟ್ಟಿ, ಕಪ್ಪು ಬಟ್ಟೆ, ಬಣ್ಣದ ರೇಷ್ಮೆ ದಾರ. ಎಲ್ಲ ಇತ್ತು. ಸಂಕ್ರಾಂತಿಯ ಹೊತ್ತಿಗೆ ಕಣ್ಣು ಕೈಕೊಟ್ಟಿತು.

ಕೈಕೊಟ್ಟ ರೀತಿಯೂ ವಿಚಿತ್ರ. ಸುತ್ತಲಿನದೆಲ್ಲ ಕಾಣುತ್ತಿತ್ತು, ನೋಡಬೇಕೆಂದದ್ದು ಮಾತ್ರ ಕಾಣುತ್ತಿರಲಿಲ್ಲ. ದೃಷ್ಟಿಯ ನಟ್ಟನಡುವೆ ಒಂದು ಮಸಿಯ ಬೊಟ್ಟು. ಡಾಕ್ಟರು ಕಣ್ಣಿನ ಹಿಂಭಾಗದ ಚಿತ್ರ ತೋರಿಸಿ, ಇದು ಬೆಳೆಯುವುದನ್ನು ನಿಧಾನ ಮಾಡಬಹುದು, ಹೋದದ್ದು ಮರಳಿ ಬರುವುದಿಲ್ಲ ಎಂದರು. ಅವತ್ತಿನಿಂದ ವತ್ಸಲಮ್ಮ ಎದುರಿಗಿದ್ದವರ ಮುಖ ನೋಡಬೇಕಾದರೆ ಅವರ ಕಿವಿಯತ್ತ ನೋಡುವುದನ್ನು ಕಲಿತರು. ಕಿವಿ ನೋಡಿದರೆ ಅಂಚಿನಲ್ಲಿ ಮುಖ ಸಿಗುತ್ತಿತ್ತು. "ನನ್ನ ಕಿವಿ ಇಷ್ಟು ಚೆಂದ ಅಂತ ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದು ಮೇಷ್ಟರು ಕೇಳಿದರೆ, "ಕತ್ತೆಗೂ ಇಲ್ಲದಂಥಾ ಕಿವಿ ಅಂತ ಹೆಂಗ ಹೇಳೂದಂತ ಬಿಟ್ಟಿದ್ದೆ," ಎಂದು ನಕ್ಕಿದ್ದರು. ನಕ್ಕು ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ನೀರು ಬಿಟ್ಟುಕೊಂಡಿದ್ದರು.

ಗಿಗಿರಿಯ ಆಫೀಸಿನಿಂದ ಮಗಳು ಫೋನು ಮಾಡಿ, "ಅಮ್ಮಾ, ಪ್ಲೀಸ್. ಐ ಕ್ಯಾನ್ ಜಸ್ಟ್ ಆರ್ಡರ್ ಒನ್. ಡೋಂಟ್ ಸ್ಟ್ರೇನ್ ಯುವರ್ ಐಸ್," ಎಂದಳು.

"ಕಣ್ಣು ಯಾರಿಗೆ ಬೇಕವ್ವಾ? ನನ್ನ ಕೈಗೆ ಗೊತ್ತದ," ಎಂದರು ವತ್ಸಲಮ್ಮ.

ಕೈಗೆ ಗೊತ್ತಿರಲಿಲ್ಲ. ಕಸೂತಿಗೆ ಗುರುತು ಹಾಕಿಕೊಳ್ಳುವ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಕಪ್ಪು ಬಟ್ಟೆಯ ಎಳೆಯನ್ನು ಕಣ್ಣಿದ್ದವರೇ ಎಣಿಸುವುದು ಕಷ್ಟ. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ಮೇಷ್ಟರದು. ಹಾಗೆ ಪೋಣಿಸಿಕೊಡುತ್ತ ಒಂದು ದಿನ ರಿಂಗಿನೊಳಗೆ ಕಣ್ಣು ಹಾಯಿಸಿದರು. ತುಳಸಿಕಟ್ಟೆ ಸರಿಯಾಗಿತ್ತು. ಅದರ ಪಕ್ಕದ ಹಂಸ ಕತ್ತಿನವರೆಗೆ ಬಂದು, ಅಲ್ಲಿಂದ ದಾರಿ ತಪ್ಪಿತ್ತು. ಆಮೇಲಿನ ಗೋಪುರ ಕುಡಿದು ಗೋಡೆಗೊರಗಿದವನ ಹಾಗೆ ವಾಲಿತ್ತು. ವತ್ಸಲಮ್ಮ ಆ ಗೋಪುರದ ಮೇಲೆ ಬೆರಳಾಡಿಸಿ, "ಹೆಂಗ ಬಂದದ?" ಎಂದು ಕೇಳಿದರು. ಮೇಷ್ಟರು ಜೀವಮಾನದಲ್ಲಿ ಮೊದಲ ಸಲ ಒಂದೇ ಒಂದು ಪದದ ಸುಳ್ಳು ಹೇಳಿದರು.

"ನೆಟ್ಟಗೆ."

ಆ ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಮೇಷ್ಟರು ಸೀರೆ ಎತ್ತಿಕೊಂಡು ಹಿಂದಿನ ಕೋಣೆಗೆ ಹೋಗಿ ಗೋಪುರವನ್ನು ಬಿಚ್ಚಿದರು. ಭೂತಗನ್ನಡಿ ಹಿಡಿದು ತುಳಸಿಕಟ್ಟೆಯನ್ನು ನೋಡಿ ನೋಡಿ, ಅದರ ಹಾಗೆಯೇ ಮತ್ತೆ ಹೊಲಿದರು. ಒಂದೇ ಏಟಿಗೆ ಕಲಿತೆ ಎಂದು ಅವರು ಹೇಳಿಕೊಳ್ಳುವ ಹಾಗಿರಲಿಲ್ಲ, ಯಾಕೆಂದರೆ ಯಾರಿಗೂ ಹೇಳುವ ಹಾಗೇ ಇರಲಿಲ್ಲ. ಇಡೀ ಆಫ್ರಿಕಾ ಖಂಡದಲ್ಲಿ ಅಷ್ಟು ಸಲ ಸೂಜಿ ಚುಚ್ಚಿಸಿಕೊಂಡ ಬೆರಳು ಇನ್ನೊಂದಿಲ್ಲ. ಸುರಿದ ರಕ್ತದಲ್ಲಿ ಒಂದು ಆಸ್ಪತ್ರೆ ನಡೆಸಬಹುದಿತ್ತು. ಆದರೂ ಗಾವಂತಿ ಹೊಲಿಗೆಯ ಗುಟ್ಟು ಅವರಿಗೆ ಸಿಕ್ಕಿತು: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಹೋದ ದಾರಿಯಲ್ಲೇ ತಿರುಗಿ ಬರುತ್ತ ಬಿಟ್ಟ ಜಾಗವನ್ನೆಲ್ಲ ತುಂಬುವುದು. ಎಲ್ಲಿಂದ ಹೊರಟೆವೋ ಅಲ್ಲಿಗೇ ಬಂದು ಸೇರುವುದು. ಹೀಗೆ ಹೊಲಿದದ್ದು ಬಟ್ಟೆಯ ಎರಡೂ ಬದಿಗೆ ಒಂದೇ ಥರ ಕಾಣುತ್ತದೆ. ಇದನ್ನು ಕರಿಹಲಗೆಯ ಮೇಲೆ ಹಾಕಿ ಒಂದು ವರ್ಷ ಪಾಠ ಮಾಡಬಹುದು ಎಂದುಕೊಂಡರು ಮೇಷ್ಟರು.

ಅಲ್ಲಿಂದ ಮುಂದೆ ಅದೇ ಕ್ರಮ. ಬೆಳಿಗ್ಗೆ ವತ್ಸಲಮ್ಮ ಹೊಲಿಯುವುದು, ಮಧ್ಯಾಹ್ನ ಮೇಷ್ಟರು ಬಿಚ್ಚಿ ಹೊಲಿಯುವುದು. ಸೆರಗು ತುಂಬುತ್ತ ಬಂತು. ವತ್ಸಲಮ್ಮನ ಮುಖಕ್ಕೂ ಕಳೆ ಬಂತು. ಫೋನಿನಲ್ಲಿ ಮಗಳಿಗೆ, "ಕಣ್ಣಿಲ್ಲದನ ಹೊಲಿತಾಳ ನೋಡು ನಿಮ್ಮವ್ವ," ಎಂದು ಹೇಳಿಕೊಳ್ಳುವಾಗ ಮೇಷ್ಟರು ಹಿತ್ತಲಿಗೆ ಹೋಗಿ ಬಾಳೆಗಿಡ ನೋಡುತ್ತ ನಿಲ್ಲುತ್ತಿದ್ದರು.

ಒಂದೇ ಒಂದು ಕಡೆ ಅವರಿಗೆ ಕೈ ಸಾಗಲಿಲ್ಲ. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕಬಾರದು. ತುದಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದು, ಮೊದಲ ಹೊಲಿಗೆಗಳ ಅಡಿಗೆ ಅದನ್ನು ಸಿಕ್ಕಿಸಿಬಿಡಬೇಕು. ಮೇಷ್ಟರು ಹಾಗೆ ಮಾಡಿದಾಗಲೆಲ್ಲ ದಾರ ಜಾರಿ ಕೈಗೆ ಬಂತು. ಕೊನೆಗೆ ಬೇಸತ್ತು ಹಿಂಬದಿಯಲ್ಲಿ ಗಂಟು ಹಾಕಿದರು. ಸಾಸಿವೆಯ ಮರಿಯಷ್ಟು ಸಣ್ಣ ಗಂಟು. ನೋಡುವ ಕಣ್ಣು ಮನೆಯಲ್ಲಿ ತಮ್ಮದೊಂದೇ ಎಂದುಕೊಂಡು ಹಾಕುತ್ತ ಹೋದರು.

ಕಣ್ಣು ಹೋದಷ್ಟೂ ವತ್ಸಲಮ್ಮನ ಬೆರಳು ಚುರುಕಾಗುತ್ತಿತ್ತು ಎಂಬುದು ಮೇಷ್ಟರ ಲೆಕ್ಕಕ್ಕೆ ಬರಲಿಲ್ಲ. ದಸರೆಯ ಹೊತ್ತಿಗೆ ಅವರಿಗೆ ಹೊಸ ಅಭ್ಯಾಸವೊಂದು ಶುರುವಾಯಿತು. ಹೊಲಿಯುತ್ತ ಹೊಲಿಯುತ್ತ ರಿಂಗನ್ನು ಮಗುಚಿ ಹಿಂಬದಿಯನ್ನು ಬೆರಳಿನಿಂದ ಸವರುವುದು. ಅವತ್ತಿನ ಹೊಲಿಗೆ ಅವರದೇ, ಗಂಟಿಲ್ಲದ್ದು, ಹಾಗಾಗಿ ಸಿಕ್ಕಿಬೀಳಲಿಲ್ಲ. ಆದರೆ ಬೆರಳು ದಿನದಿನಕ್ಕೆ ಆಚೆಗೆ, ಹಳೆಯ ಭಾಗದ ಕಡೆಗೆ ಹೋಗುತ್ತಿತ್ತು. ಮೇಷ್ಟರಿಗೆ ಅನ್ನ ಸೇರದಾಯಿತು. ಗಂಟು ಸಿಕ್ಕರೆ ಎಲ್ಲವೂ ಸಿಕ್ಕಂತೆ. ಕೈಗೆ ಗೊತ್ತಿದೆ ಎಂದು ನಂಬಿ ಬದುಕುತ್ತಿರುವವಳಿಗೆ ಆಮೇಲೆ ಕೈಯೂ ಇಲ್ಲ.

ಒಂದು ಬೆಳಿಗ್ಗೆ ಆ ಮರದ ರಿಂಗು ಸೋಫಾದ ಮೇಲೆ ಎರಡು ತುಂಡಾಗಿ ಬಿದ್ದಿತ್ತು. "ನೋಡದೆ ಕೂತುಬಿಟ್ಟೆ ಕಣೇ," ಎಂದರು ಮೇಷ್ಟರು. ವತ್ಸಲಮ್ಮ ತುಂಡುಗಳನ್ನು ಮಡಿಲಲ್ಲಿಟ್ಟುಕೊಂಡು ಧೋತರದ ಪಟ್ಟಿಯನ್ನು ಮೆಲ್ಲಗೆ ಸುತ್ತು ಬಿಡಿಸಿ, ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡರು. "ಹೋಗ್ಲಿ ಬಿಡ್ರಿ. ಹಳೇದಾಗಿತ್ತು," ಎಂದರು.

"ಇವತ್ತೇ ಹೊಸದು ತರೋಣ. ಬಳೆ ಗಿಳೆ ಬೇಡ. ಕಾಲಿರೋ ದೊಡ್ಡ ಫ್ರೇಮು ಸಿಗುತ್ತೆ. ಕೈಯಲ್ಲಿ ಹಿಡಿದುಕೊಳ್ಳೋ ಕಷ್ಟವೇ ಇಲ್ಲ."

ಫ್ರೇಮಿನ ಮೇಲೆ ಮೇಷ್ಟರಿಗೆ ಹುಟ್ಟಿದ ಈ ಪ್ರೀತಿಯ ಕಾರಣ ಸರಳ. ಫ್ರೇಮನ್ನು ಮಗುಚುವ ಹಾಗಿಲ್ಲ. ಬಟ್ಟೆಯ ಬೆನ್ನು ಯಾವತ್ತೂ ನೆಲದ ಕಡೆಗೇ ಇರುತ್ತದೆ.

ಊರ ನಡುವಿನ ಪೇಟೆಯ ಬಿಯಾಶಾರಾ ಬೀದಿಯಲ್ಲಿ ಕಿಶನ್‌ನ ಅಂಗಡಿ. ಗುಂಡಿ, ಲೇಸು, ದಾರ, ಸೂಜಿ ಬಿಟ್ಟರೆ ಬೇರೆ ಏನೂ ಇಲ್ಲ. ಆದರೆ ಮೇಷ್ಟರ ಪ್ರಕಾರ ಅಲ್ಲಿನ ದಾರವನ್ನೆಲ್ಲ ಬಿಚ್ಚಿದರೆ ದೇಶದ ಆಚೆ ತುದಿಯ ಕಿಸುಮುವಿಗೆ ಹೋಗಿ ಎರಡು ಸಲ ವಾಪಸ್ ಬರಬಹುದು. ಕಿಶನ್ ಗುಜರಾತಿ, ಅಲ್ಲೇ ಹುಟ್ಟಿದವನು. ಅವನು ಆಡುವುದು ಅರ್ಧ ಸ್ವಾಹಿಲಿ ಕಲಸಿದ ಹಿಂದಿ. ವತ್ಸಲಮ್ಮನಿಗೆ ಹಿಂದಿ ಬರುತ್ತದೆ ಎಂದು ಅವನೂ, ತಮ್ಮ ಧಾರವಾಡದ ಕನ್ನಡ ಅವನಿಗೆ ತಿಳಿಯುತ್ತದೆ ಎಂದು ವತ್ಸಲಮ್ಮನೂ ಹತ್ತಾರು ವರ್ಷದಿಂದ ನಂಬಿದ್ದರು, ವ್ಯಾಪಾರ ಚೆನ್ನಾಗಿ ನಡೆದಿತ್ತು.

"ಕರೀಬು, ಮಾಸ್ಟರ್‌ಜಿ. ಆನೆ ಹೇಗಿದೆ?" ಎಂದ ಕಿಶನ್.

"ಡಯಟ್ ಮಾಡ್ತಾ ಇದೆ," ಎಂದರು ಮೇಷ್ಟರು. "ನೀನು ಆ ಕಾಲಿನ ಫ್ರೇಮು ತೆಗಿಯಪ್ಪ."

ಅಂಗಡಿಯ ನಡುವೆ ಫ್ರೇಮು ಬಂದು ನಿಂತಿತು. ಎರಡು ಕಾಲು, ಎರಡು ಅಡ್ಡ ಕೋಲು. ಸೀರೆಯನ್ನು ಕೋಲಿಗೆ ಸುತ್ತಿ ಬಿಗಿದರೆ ಮಂಚದ ಹಾಗೆ ಹರಡಿಕೊಳ್ಳುತ್ತದೆ. ಮೇಷ್ಟರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಮೈಸೂರು ಅರಮನೆಯಲ್ಲಿ ಇಂಥದರ ಮೇಲೆಯೇ ಹೊಲಿಯುತ್ತಿದ್ದರು ಎಂದರು. ಇದರ ಮುಂದೆ ಕೂತರೆ ಬೆನ್ನುನೋವು ಇರುವವರಿಗೆ ಹೋಗುತ್ತದೆ, ಇಲ್ಲದವರಿಗೆ ಬರುವುದಿಲ್ಲ ಎಂದರು. ತಮ್ಮ ಸೋದರತ್ತೆ ಒಬ್ಬರು ಇದರ ಮೇಲೆ ಒಂದೇ ಸಂಜೆಯಲ್ಲಿ ಇಡೀ ಪಂಚಾಂಗ ಹೊಲಿದು ಮುಗಿಸಿದ್ದರು ಎಂದರು.

"ಯಾವ ಸೋದರತ್ತಿ?" ಎಂದರು ವತ್ಸಲಮ್ಮ.

"ನಿನಗೆ ಗೊತ್ತಿಲ್ಲ. ನಮ್ಮ ಮದುವೆಗೆ ಮೊದಲೇ ಹೋಗಿಬಿಟ್ಟರು."

"ಹೋಗದ ಏನು ಮಾಡ್ಯಾರು ಪಾಪ."

ಕಿಶನ್ ನಕ್ಕ. ವತ್ಸಲಮ್ಮ ಫ್ರೇಮಿನ ಕೋಲನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ಇದು ಬ್ಯಾಡ್ರಿ. ರಿಂಗು ತೋರಸು, ಕಿಶನ್‌ಭಾಯಿ. ಕೈಯಾಗ ಹಿಡಿಯೂದು."

ಗಾಜಿನ ಮೇಜಿನ ಮೇಲೆ ರಿಂಗುಗಳು ಉರುಳಿ ಬಂದು ಬಿದ್ದವು. ಪ್ಲಾಸ್ಟಿಕ್ಕಿನವನ್ನು ವತ್ಸಲಮ್ಮ ಮುಟ್ಟಿದ ತಕ್ಷಣ ಪಕ್ಕಕ್ಕೆ ತಳ್ಳಿದರು, ರೇಷ್ಮೆ ಜಾರುತ್ತದೆ. ಬಿದಿರಿನ ಒಂದನ್ನು ಕೆನ್ನೆಯ ಮೇಲೆ ಉಜ್ಜಿ, ಸಿಬಿರು ತಾಕಿದ್ದಕ್ಕೆ ಅದನ್ನೂ ಇಟ್ಟರು. ಮರದ ಒಂದರ ಒಳಬಳೆ ಹೊರಬಳೆಗಳ ನಡುವೆ ಉಗುರು ಹಾಕಿ ಸುತ್ತಲೂ ಎಳೆದು ಸಂದು ಎಲ್ಲ ಕಡೆ ಸಮ ಇದೆಯೇ ಎಂದು ನೋಡಿದರು. ತಿರುಪಿನ ಲೋಹವನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. "ಹಿತ್ತಾಳಿನ ಅದ. ತುಕ್ಕು ಹಿಡಿಯಂಗಿಲ್ಲ." ಕೊನೆಗೆ ಅದರ ಅಂಚನ್ನು ಹೆಬ್ಬೆರಳಿಗೆ ಸಿಕ್ಕಿಸಿ ನಡುಬೆರಳನ್ನು ಒಳಕ್ಕೆ ಚಾಚಿದರು. ಬೆರಳ ತುದಿ ಸರಿಯಾಗಿ ವರ್ತುಲದ ನಡುವಿಗೆ ಬಂದು ನಿಂತಿತು.

"ನಮ್ಮವ್ವ ಹಿಂಗ ಅಳದು ಕೊಟ್ಟಿದ್ದಳು," ಎಂದರು. "ಬೆರಳು ನಡುವಿಗೆ ಮುಟ್ಟಬೇಕು. ಮುಟ್ಟಲಿಲ್ಲಂದ್ರ ಅದು ನಿನ್ನ ರಿಂಗಲ್ಲ ಅಂತಿದ್ದಳು."

ಆ ನಡುವೇ ಈಗ ಅವರಿಗೆ ಕಾಣದ ಜಾಗ ಎಂದು ಮೇಷ್ಟರಿಗೆ ಆಗ ಹೊಳೆಯಿತು. ಹೊಳೆದರೂ ಅವರು ತಮ್ಮ ಫ್ರೇಮನ್ನು ಬಿಡಲಿಲ್ಲ. "ನೋಡು ವತ್ಸಲಾ, ಕೈ ನೋಯುತ್ತೆ. ಡಿಸೆಂಬರ್ ಹತ್ತಿರ ಬಂತು. ಫ್ರೇಮೇ ಸರಿ."

"ಫ್ರೇಮಿನ್ಯಾಗ ಹಿಂಬದಿ ಹೆಂಗ ನೋಡೂದ್ರಿ?"

"ಹಿಂಬದಿ ಯಾರು ನೋಡ್ತಾರೆ?"

ಬಾಯಿಂದ ಬಿದ್ದದ್ದು ಬಿತ್ತು. ಎರಡೂ ಬದಿ ಒಂದೇ ಥರ ಇರಬೇಕಾದ ಹೊಲಿಗೆಯನ್ನು ಏಳು ವರ್ಷದ ವಯಸ್ಸಿನಿಂದ ಹೊಲಿದವರ ಎದುರಿಗೆ ಹೇಳಬಾರದ ಮಾತು ಪ್ರಪಂಚದಲ್ಲಿ ಇದೊಂದೇ. ಮಾತು ತಿಳಿಯದ ಕಿಶನ್ ಕೂಡ ವತ್ಸಲಮ್ಮನ ಮುಖ ನೋಡಿ, ತಲೆ ತಗ್ಗಿಸಿ ಲೇಸು ಸುತ್ತತೊಡಗಿದ.

ವತ್ಸಲಮ್ಮ ಚೀಲದಿಂದ ಸೀರೆ ತೆಗೆದರು. ರಿಂಗು ಕೊಳ್ಳುವ ಮೊದಲು ತಮ್ಮ ಬಟ್ಟೆಯನ್ನೇ ಹಾಕಿ ನೋಡುವುದು ಅವರ ಪದ್ಧತಿ. ಒಳಬಳೆ ಕೆಳಗಿಟ್ಟು, ಮೇಲೆ ಸೆರಗು ಹರಡಿ, ಹೊರಬಳೆ ಒತ್ತಿ ತಿರುಪು ಬಿಗಿದರು. ಸಿಕ್ಕದ್ದು ಆನೆಯ ಭಾಗ. ಬೆರಳಿನಿಂದ ತಟ್ಟಿದರು, ಬಟ್ಟೆ ಹಲಗೆಯ ಹಾಗೆ ನಾದ ಕೊಟ್ಟಿತು. ತಲೆ ಆಡಿಸಿದರು. ಆಮೇಲೆ ರಿಂಗನ್ನು ಮಗುಚಿ ಹಿಂಬದಿಯನ್ನು ಸವರಿದರು.

ಬೆರಳು ಆನೆಯ ಸೊಂಡಿಲಿನಿಂದ ಹೊರಟು, ಹಣೆ ದಾಟಿ, ಅಂಬಾರಿಯ ಬುಡದಲ್ಲಿ ನಿಂತಿತು.

ಮೇಷ್ಟರು ಆ ಬೆರಳನ್ನೇ ನೋಡುತ್ತಿದ್ದರು. ಅದು ಅಲ್ಲೇ ಸ್ವಲ್ಪ ಹಿಂದೆ ಮುಂದೆ ಆಡಿತು. ಉಗುರಿನಿಂದ ಒಮ್ಮೆ ಎಬ್ಬಿಸಿ ನೋಡಿತು. ಮುಂದೆ ಹೋಯಿತು. ಕಾಲಿನ ಹತ್ತಿರ ಮತ್ತೆ ನಿಂತಿತು. ಬಾಲದ ಹತ್ತಿರ ಮತ್ತೆ. ವತ್ಸಲಮ್ಮ ತಿರುಪು ಸಡಿಲಿಸಿ, ರಿಂಗನ್ನು ಸೆರಗಿನ ಬೇರೆ ಕಡೆಗೆ ಹಾಕಿ, ಗೋಪುರದ ಬೆನ್ನನ್ನು ಸವರಿದರು. ಅಲ್ಲೂ ಇದ್ದವು. ಅಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾರೋ ಕೈಗಾಡಿಯವನು ದಾರಿ ಬಿಡಿ ಎಂದು ಕೂಗುತ್ತಿದ್ದ. ವತ್ಸಲಮ್ಮ ತಲೆ ಎತ್ತಿ ಗಂಡನ ಕಿವಿಯ ಕಡೆಗೆ ನೋಡಿದರು.

"ಕಿಶನ್‌ಭಾಯಿ, ಈ ಸೈಜ್ ಬ್ಯಾಡ. ಇದಕ್ಕಿಂತ ದೊಡ್ಡದು ಕೊಡು."

"ನಿಮ್ಮ ಕೈಗೆ ಇದೇ ಸರಿ, ವತ್ಸಲಾಬೆನ್. ದೊಡ್ಡದಾದರೆ ಬೆರಳು ಮುಟ್ಟಲ್ಲ."

"ನನ್ನ ಕೈಗಲ್ಲ." ಅವರು ಗಂಡನ ಕಡೆಗೆ ತಿರುಗದೆಯೇ ಅಂಗೈ ಚಾಚಿದರು. "ರೀ, ಕೈ ಕೊಡ್ರಿ ಇಲ್ಲಿ."

ಮೇಷ್ಟರು ಕೈ ಕೊಟ್ಟರು. ವತ್ಸಲಮ್ಮ ಅವರ ಬೆರಳ ತುದಿಗಳನ್ನು ಒಂದೊಂದಾಗಿ ಮುಟ್ಟಿದರು. ಒರಟಾಗಿ, ತೂತು ತೂತಾಗಿ, ಚರ್ಮ ಎದ್ದ ತುದಿಗಳು. ಆ ಕೈಯನ್ನು ತಾವು ಹಿಡಿದು ಎಷ್ಟು ದಿನವಾಯಿತೋ ಎಂಬಂತೆ ಒಂದು ಕ್ಷಣ ಹಾಗೇ ಹಿಡಿದಿದ್ದರು. ಆಮೇಲೆ ದೊಡ್ಡ ರಿಂಗನ್ನು ಅದಕ್ಕೆ ಹಿಡಿಸಿ, ನಡುಬೆರಳನ್ನು ಎಳೆದು ಒಳಕ್ಕೆ ಚಾಚಿಸಿದರು.

"ನಡುವಿಗೆ ಮುಟ್ಟತದೇನು?"

"ವತ್ಸಲಾ..."

"ಮುಟ್ಟತದೋ ಇಲ್ಲೋ?"

"ಮುಟ್ಟುತ್ತೆ."

"ಹಂಗಾರ ಇದನ್ನ ಕಟ್ಟಿಕೊಡು, ಕಿಶನ್‌ಭಾಯಿ."

ಕಿಶನ್‌ಗೆ ಏನೂ ಅರ್ಥವಾಗಲಿಲ್ಲ. "ಮಾಸ್ಟರ್‌ಜಿ ಹೊಲಿಯೋಕೆ ಕೂತರೆ ಮುಗೀತು. ಇನ್ನು ನೈರೋಬಿಯ ಸಿಂಹಕ್ಕೆಲ್ಲ ಸ್ವೆಟರ್," ಎಂದ. ಇಂಥ ಮಾತಿಗೆ ಮೇಷ್ಟರು ಒಂದಕ್ಕೆ ಹತ್ತು ಕೊಡುವವರು. ಅವತ್ತು ರಿಂಗಿನ ಪೊಟ್ಟಣ ಕೈಗೆ ತೆಗೆದುಕೊಂಡು, "ಅಸಾಂಟೆ," ಎಂದು ಸ್ವಾಹಿಲಿಯಲ್ಲಿ ಒಂದು ಥ್ಯಾಂಕ್ಸ್ ಹೇಳಿ ಹೊರಗೆ ಬಂದರು. ಕಾಲಿನ ಫ್ರೇಮು ಅಂಗಡಿಯ ನಡುವೆ ಹಾಗೇ ನಿಂತಿತ್ತು.

ವಾಪಸ್ ಬರುವಾಗ ಙಾರಾದ ಹತ್ತಿರ ಗಾಡಿಗಳು ಕಟ್ಟಿಕೊಂಡವು. ನೈರೋಬಿಯ ಆ ಟ್ರಾಫಿಕ್ಕಿನಲ್ಲಿ ಹುಟ್ಟಿದ ಮಕ್ಕಳು ಅಲ್ಲೇ ಮೀಸೆ ಬಿಟ್ಟಿದ್ದಾರೆ ಎಂದು ಮೇಷ್ಟರು ಎಂದಿನಂತೆ ಹೇಳಬಹುದಿತ್ತು. ಹೇಳಲಿಲ್ಲ. ಪಕ್ಕದಲ್ಲಿ ಒಂದು ಮಟಾಟು ವ್ಯಾನು ಜನ ತುಂಬಿಕೊಂಡು ನಿಂತು ಹಾಡು ಹಾಕಿಕೊಂಡಿತ್ತು. ಅವರು ಕಿಟಕಿ ಏರಿಸಿದರು. ಹಾಡು ಸಣ್ಣಗಾಯಿತು.

ವತ್ಸಲಮ್ಮ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡಿದ್ದರು. "ಇದರಾಗ ನಂದೆಷ್ಟದ?"

"ಎಲ್ಲಾ ನಿನ್ನದೇ ಕಣೇ. ಎಲ್ಲೋ ಒಂದೆರಡು ಕಡೆ ದಾರ ಬಿಟ್ಟುಕೊಂಡಿತ್ತು, ನಾನು ಸ್ವಲ್ಪ..."

ವತ್ಸಲಮ್ಮ ಕಾದರು.

"ಅರ್ಧ," ಎಂದರು ಮೇಷ್ಟರು.

ಅವರು ಇನ್ನೂ ಕಾದರು. ಮುಂದಿನ ಗಾಡಿ ಒಂದು ಮಾರು ಸರಿದು ನಿಂತಿತು. ಮೇಷ್ಟರು ಸರಿಯಲಿಲ್ಲ, ಹಿಂದಿನವರು ಹಾರನ್ನು ಹೊಡೆದರು.

"ಎಲ್ಲಿಗೆ ಮುಗಿತದ ನಂದು? ತೋರಸ್ರಿ. ಕಣ್ಣಿಗಲ್ಲ. ಬೆರಳಿಗೆ."

ಮೇಷ್ಟರು ಕಾರನ್ನು ಆ ಒಂದು ಮಾರು ಮುಂದಕ್ಕೆ ತಂದು ನಿಲ್ಲಿಸಿ, ಹೆಂಡತಿಯ ತೋರುಬೆರಳು ಹಿಡಿದು ಸೆರಗಿನ ಮೂಲೆಯ ತುಳಸಿಕಟ್ಟೆಯ ಮೇಲಿಟ್ಟರು. ಅಲ್ಲಿಂದ ಹಂಸದ ಬೆನ್ನ ಮೇಲೆ ಹಾದು ಕತ್ತಿನವರೆಗೆ ನಡೆಸಿಕೊಂಡು ಬಂದರು. "ಇಲ್ಲಿ," ಎಂದರು. "ಇಲ್ಲಿಗೆ."

ಹಂಸದ ಕತ್ತಿನಿಂದ ಸೆರಗಿನ ಆಚೆ ತುದಿ ಬಹಳ ದೂರ. ವತ್ಸಲಮ್ಮ ಇನ್ನೊಂದು ಕೈಯಿಂದ ಆ ದೂರವನ್ನು ಸವರಿದರು. ತೋರುಬೆರಳು ಮಾತ್ರ ಕತ್ತಿನ ಮೇಲಿನಿಂದ ಏಳಲಿಲ್ಲ.

"ಮುಂಜಾನೆ ಮುಂಜಾನೆ ನಾನು ಹೊಲದದ್ದು?"

"ಬಿಚ್ಚಿದೆ."

"ದಿನಾ?"

"ದಿನಾ."

"ರಿಂಗು?"

"ನಾನೇ ಮುರಿದೆ. ಮೊಣಕಾಲಿಗೆ ಹಾಕಿ. ನೀನು ಹಿಂಬದಿ ಮುಟ್ಟಿ ನೋಡ್ತೀಯ ಅಂತ."

ವತ್ಸಲಮ್ಮ ಬ್ಲೌಸಿನ ಮೇಲೆ, ಧೋತರದ ಪಟ್ಟಿ ಇದ್ದ ಜಾಗದಲ್ಲಿ ಕೈ ಇಟ್ಟುಕೊಂಡರು. "ಅದು ನಮ್ಮವ್ವ ಕೊಟ್ಟಿದ್ದು," ಎಂದರು. ಸಿಟ್ಟಿನಿಂದ ಅಲ್ಲ; ಗಂಡನಿಗೆ ಅದು ಗೊತ್ತಿಲ್ಲವೇನೋ ಎಂಬಂತೆ.

"ಗೊತ್ತು."

ಮಟಾಟುವಿನ ಹುಡುಗ ಬಾಗಿಲಲ್ಲಿ ನೇತಾಡುತ್ತ ಯಾರನ್ನೋ ಕರೆಯುತ್ತಿದ್ದ. ವತ್ಸಲಮ್ಮ ಹೇಳಿದರು: "ಇಷ್ಟು ವರ್ಷ ಹೊಲದೆ. ಕಾರಿನ ಬಗ್ಗೆ ಹೇಳಿದ್ರಿ, ಬೆಣ್ಣಿಹಣ್ಣಿನ ಬಗ್ಗೆ ಹೇಳಿದ್ರಿ. ನನ್ನ ಹೊಲಿಗಿ ಬಗ್ಗೆ ಒಂದು ಸುಳ್ಳೂ ಹೇಳಲಿಲ್ಲ ನೀವು. ಈ ವರ್ಷ ಆನಿ ಬಂತು. ಊರ ತುಂಬ ಹೇಳಿದ್ರಿ. ನಾನು ಅಂದಕೊಂಡೆ, ಕಣ್ಣು ಹೋದರೂ ಚಿಂತಿಲ್ಲ, ಕಡೀಕರ ಇವರಿಗೆ ನಂದು ಕಾಣ್ತಲ್ಲ ಅಂತ. ಅದಕ್ಕ ಭಾಗಸ್ರಿ ಅನ್ನಲಿಲ್ಲ. ಹಂಗ ಕೇಳಿಕೊಂಡು ಕೂತೆ." ಅವರು ಉಸಿರು ತೆಗೆದುಕೊಂಡರು. "ಆನಿ ಯಾರದು?"

"ನನ್ನದು," ಎಂದರು ಮೇಷ್ಟರು. "ಎಣಿಕೆ ತಪ್ಪಿ ಹೊಟ್ಟೆ ದಪ್ಪ ಆಯ್ತು. ನಾನು ಹೊಗಳಿಕೊಂಡಿದ್ದು ನನ್ನನ್ನೇ."

ಹೇಳಿದ ಮೇಲೆ ಅವರಿಗೆ ನಿಲ್ಲಿಸಲಾಗಲಿಲ್ಲ. ಸ್ಟಿಯರಿಂಗಿನ ಮೇಲೆ ಎರಡೂ ಕೈಯಿಟ್ಟು, ಮುಂದಿನ ಗಾಡಿಯ ನಂಬರು ನೋಡುತ್ತ ಹೇಳಿದರು: "ನಿನ್ನ ಹೊಲಿಗೆ ನಾನು ಯಾವತ್ತೂ ನೋಡೇ ಇರಲಿಲ್ಲ, ವತ್ಸಲಾ. ಚೆನ್ನಾಗಿದೆ ಅಂತಿದ್ದೆ, ನೋಡ್ತಿರಲಿಲ್ಲ. ಈ ಗೋಪುರ ಹೊಲಿಯೋಕೆ ಅಂತ ನಿನ್ನ ತುಳಸಿಕಟ್ಟೆ ಗಾಜು ಹಿಡಿದು ನೋಡಿದೆ. ಮೊದಲ ಸಲ. ಮುಂದೆ ಹೆಂಗೋ ಹಿಂದೆಯೂ ಹಂಗೆ. ಎಲ್ಲಿ ಶುರುವಾಯ್ತು ಅಂತ ಹುಡುಕಿದೆ, ಸಿಗಲಿಲ್ಲ. ಅಷ್ಟು ಹೊತ್ತಿಗೆ ನಿನಗೆ ಕಾಣ್ತಿರಲಿಲ್ಲ."

ವತ್ಸಲಮ್ಮ ಮುಂದಿನ ಗಾಜಿನ ಕಡೆಗೆ ತಿರುಗಿದರು. ಹಾಗೆ ತಿರುಗಿದರೆ ಗಂಡ ಅಂಚಿನಲ್ಲಿ ಕಾಣುತ್ತಾರೆ.

"ಇದನ್ನ ಹತ್ತರಿಂದ ಭಾಗಸ್ಲೇನು?"

"ಬೇಡ."

ಗಾಡಿಗಳು ಕದಲಿದವು. ಸೇತುವೆ ದಾಟಿ ಪಾರ್ಕ್‌ಲ್ಯಾಂಡ್ಸಿನ ಮರಗಳು ಶುರುವಾದವು. ವತ್ಸಲಮ್ಮ ಪೊಟ್ಟಣ ಬಿಚ್ಚಿ ದೊಡ್ಡ ರಿಂಗನ್ನು ಹೊರಗೆ ತೆಗೆದು, ಬ್ಲೌಸಿನೊಳಗಿನ ಪಟ್ಟಿ ತೆಗೆದು, ಅದರ ಒಳಬಳೆಗೆ ಸುತ್ತತೊಡಗಿದರು. ಪಟ್ಟಿ ಸಣ್ಣ ರಿಂಗಿನ ಅಳತೆಯದು. ಸುತ್ತು ಮುಗಿಯುವ ಮೊದಲೇ ಮುಗಿದುಹೋಯಿತು. ಸ್ವಲ್ಪ ಮರ ಬರಿದಾಗಿ ಉಳಿಯಿತು.

"ಗಂಟು ಎಲ್ಲಾ ಬಿಚ್ಚಬೇಕು," ಎಂದರು. "ಗಂಟಿನ ಸೀರಿ ನಾನು ನನ್ನ ಮಗಳಿಗೆ ಉಡಸಂಗಿಲ್ಲ. ತುದಿ ಹೆಂಗ ಹಿಡಿಯೂದಂತ ಹೇಳಕೊಡ್ತೇನಿ. ನೀವು ಎಣಸ್ರಿ, ನಾನು ಹಿಂದ ಮುಟ್ಟಿ ನೋಡ್ತೇನಿ."

"ನೀನು ಹೊಲಿಯಲ್ವಾ?"

"ನಂದು ಹಂಸದ ಕುತಿಗಿಗೆ ಮುಗೀತಲ್ಲ."

ಗೇಟಿನ ಮುಂದೆ ಕಾರು ನಿಂತಿತು. ಕಾವಲುಗಾರ ಓಡಿ ಬಂದು ಬಾಗಿಲು ತೆರೆದ. ಒಳಗೆ, ಗೋಡೆಯ ಪಕ್ಕದಲ್ಲಿ, ಗೊನೆಯಿಲ್ಲದ ಬಾಳೆಗಿಡ ಕಾಣುತ್ತಿತ್ತು. ಕಾಣುತ್ತಿದ್ದದ್ದು ಮೇಷ್ಟರೊಬ್ಬರಿಗೆ. ವತ್ಸಲಮ್ಮ ರಿಂಗನ್ನು ಮಡಿಲಲ್ಲಿಟ್ಟುಕೊಂಡು ಇಳಿಯದೆ ಕೂತಿದ್ದರು.

"ಆ ಬಾಳಿಗೊನಿ?" ಎಂದರು.

"ಮಂಗ ತಿಂದಿದ್ದು, ವತ್ಸಲಾ," ಎಂದರು ಮೇಷ್ಟರು. "ಪೂರ್ತಿನೂ ಅಲ್ಲ. ಅರ್ಧ. ಉಳಿದಿದ್ದು ನಾವೇ ಪಲ್ಯ ಮಾಡಿಕೊಂಡ್ವಲ್ಲ."